ಸ್ಲ್ಯಾಬಿನ ದಿನ ತೆಗೆದ ಫೋಟೋ

ಸುಗಲಮ್ಮ ಯಾದಗಿರಿ ಕಡೆಯವಳು. ಹೈದರಾಬಾದಿಗೆ ಬಂದು ಬುಟ್ಟಿ ಹೊರಲು ಶುರುಮಾಡಿದಾಗ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಈಗ ಆ ಮಗಳೂ ಗಂಡನ ಮನೆ ಸೇರಿದ್ದಾಳೆ. ಮಾದಾಪುರದ ಎಷ್ಟೋ ಗಾಜಿನ ಕಟ್ಟಡಗಳ ಸಿಮೆಂಟು ಅವಳ ತಲೆಯ ಮೇಲಿಂದಲೇ ಹೋಗಿದೆ. ಒಳಗೆ ಬಂದು ನೋಡು ಅಂತ ಯಾರೂ ಕರೆದಿಲ್ಲ, ಅವಳೂ ಕೇಳಿಲ್ಲ. ಗಂಡ ಹುಲಗೇಶ ಗ್ರಾನೈಟ್ ಕೊಯ್ಯುವ ಮಷೀನಿನ ಮುಂದೆ ಕೂತು ಕೂತು ಎದೆಯೊಳಗೆಲ್ಲ ಕಲ್ಲಿನ ಧೂಳು ತುಂಬಿಕೊಂಡು, ದಿಲ್‌ಸುಖ್‌ನಗರದ ಆಚೆಯ ಖೋಲಿಯಲ್ಲಿ ಹಾಸಿಗೆ ಹಿಡಿದಿದ್ದ. ಅವನನ್ನು ಒಂದು ಒಳ್ಳೆ ದವಾಖಾನೆಗೆ ಸೇರಿಸಬೇಕು, ಅವಳಿಗಿದ್ದ ಆಸೆ ಇಷ್ಟೇ.

ಸ್ಲ್ಯಾಬ್ ಹಾಕುವ ದಿನ ಹೆಂಗಸರು ಬಳೆ, ತಾಳಿ ತೆಗೆದಿಡಬೇಕು. ಕಾಂಕ್ರೀಟ್ ಕಲಸುವ ಮಿಕ್ಸರಿಗೆ ಸಿಕ್ಕರೆ ಕೈಯೇ ಹೋದೀತು ಅಂತ ಮೇಸ್ತ್ರಿಯ ಹುಕುಂ. ಗಂಡ ಇರುವಾಗ ಬರಿಗೈಯಲ್ಲಿ ನಿಲ್ಲುವುದೆಂದರೆ ಅವಳ ಕಡೆಯ ಹೆಂಗಸರಿಗೆ ಜೀವ ಹೋದಂತೆ. ಆದರೂ ಸುಗಲಮ್ಮ ಎಲ್ಲವನ್ನೂ ವಸ್ತ್ರದಲ್ಲಿ ಗಂಟು ಕಟ್ಟಿ ಊಟದ ಚೀಲದಲ್ಲಿಡುತ್ತಿದ್ದಳು, ಸಂಜೆ ಬಸ್ಸು ಹತ್ತುವ ಮೊದಲು ಮತ್ತೆ ತೊಡುತ್ತಿದ್ದಳು. ಹುಲಗೇಶನಿಗೆ ಇದು ಗೊತ್ತೇ ಇರಲಿಲ್ಲ.

ಅಂಥದೊಂದು ದಿನ ಸುಶಾಂತ ಎಂಬ ಪತ್ರಕರ್ತ ಬಂದ. ಹಿಂದಿನ ವಾರ ಪರಮೇಶ ಎಂಬ ಕೂಲಿಯವನು ಅದೇ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಅವನ ಹೆಂಡತಿ ಹೆಣದ ಜತೆ ಊರಿಗೆ ಹೋಗಿಬಿಟ್ಟಿದ್ದಳು. ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ ಸುಗಲಮ್ಮ ತನ್ನ ಹರಕು ಹಿಂದಿಯಲ್ಲಿ ಹೇಳುತ್ತ ಹೇಳುತ್ತ ಗೊಳೋ ಎಂದು ಅತ್ತಳು. ಸುಶಾಂತ ಅವಳ ಬೋಳು ಕೈ, ಬೋಳು ಕೊರಳು ನೋಡಿದ, ಫೋಟೋ ತೆಗೆದ, ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡ. ನಿನ್ನ ಗಂಡ ಯಾರಮ್ಮ ಎಂದು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ! ‘ಪರಮೇಶನ ವಿಧವೆ’ ಎಂದು ಫೋಟೋ ಅಚ್ಚಾಯಿತು. ಬಡ ದೇಶಗಳ ಜನರ ಕಷ್ಟ ಬರೆಯುವ ಪತ್ರಕರ್ತರಿಗೆ ವಿದೇಶದವರು ಕೊಡುವ ದೊಡ್ಡ ಪ್ರಶಸ್ತಿ ಆ ಬರಹಕ್ಕೇ ಬಂತು.

ಸಮಾರಂಭಕ್ಕೆ ಅವಳನ್ನು ಕರೆಯಲು ಸುಶಾಂತ ಕೆಲಸದ ಜಾಗಕ್ಕೇ ಬಂದ. ಜತೆಗೆ ಅವನ ಕಚೇರಿಯ ಅನುರಾಧಾ ಇದ್ದಳು. ಅವಳ ಮನೆ ನಾರಾಯಣಗೂಡದಲ್ಲಿ, ತವರು ಕಲಬುರಗಿ, ಹಾಗಾಗಿ ಸುಗಲಮ್ಮನ ಮಾತು ಅವಳಿಗೆ ಬರುತ್ತಿತ್ತು.

“ನಿಮ್ಮ ಯಜಮಾನ್ರು ತೀರಿಕೊಂಡ ಮ್ಯಾಲ ಭಾಳ ತ್ರಾಸ ಆಗಿರಬೇಕಲ್ರಿ,” ಎಂದಳು ಅನುರಾಧಾ.

“ಬಿಡ್ತು ಅನ್ರಿ ಅಕ್ಕಾರ! ಅವರ್ಯಾಕ ತೀರಿಕೊಳ್ತಾರ? ಖೋಲ್ಯಾಗ ಮಲಗ್ಯಾರ, ಕೆಮ್ಮಾಕತ್ತಾರ.”

ಅನುರಾಧಾ ಅದನ್ನು ತಿಳಿಸಿ ಹೇಳಿದಾಗ ಸುಶಾಂತ ಸಿಮೆಂಟ್ ಚೀಲದ ಮೇಲೆ ಕುಸಿದು ಕೂತ. ಪ್ರಶಸ್ತಿ ಘೋಷಣೆಯಾಗಿತ್ತು, ಕೊಡುವವರು ವಿಮಾನ ಹತ್ತಿಯಾಗಿತ್ತು. ಕೊನೆಗೆ ಅನುರಾಧಾಳ ಬಾಯಿಂದ ಸುಗಲಮ್ಮನಿಗೆ ಹೇಳಿಸಿದ. ಎದೆರೋಗದ ದೊಡ್ಡ ಡಾಕ್ಟರು ತನಗೆ ಗೊತ್ತು, ಸಮಾರಂಭದ ಮರುದಿನವೇ ಕಾರು ಕಳಿಸಿ ಹುಲಗೇಶನನ್ನು ಸೇರಿಸುತ್ತೇನೆ. ಅವಳು ವೇದಿಕೆಯ ಮೇಲೆ ಸುಮ್ಮನೆ ಕೂತರೆ ಸಾಕು, ಫೋಟೋದಲ್ಲಿ ಇದ್ದ ಹಾಗೇ.

“ಹಂಗಂದ್ರ?”

ಅನುರಾಧಾ ನೆಲ ನೋಡಿದಳು. “ಬಳಿ, ತಾಳಿ ಹಾಕ್ಕೋಬ್ಯಾಡ್ರಿ. ಒಂದ್ ತಾಸಿನ ಮಾತು.”

ಸುಗಲಮ್ಮ, ಕೂಲಿಗಾಗಿ ತೆಗೆಯುವವಳು ಗಂಡನ ಉಸಿರಿಗಾಗಿ ತೆಗೆಯಲಾರೆನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಪ್ಪಿದಳು. ಒಪ್ಪದೆ ಏನು ಮಾಡಿಯಾಳು?

ಮಾದಾಪುರದ ಹೋಟೆಲಿನಲ್ಲಿ ಅವಳಿಗೆ ಶಾಲು ಹೊದಿಸಿದರು. ಕೋಟು ತೊಟ್ಟವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಶಾಂತ ಅವಳ ಕಡೆ ನೋಡದೆ ಮಾತಾಡಿ ಮುಗಿಸಿದ. ವಿದೇಶದ ಹೆಂಗಸೊಬ್ಬಳು ಅವಳನ್ನು ತಬ್ಬಿಕೊಂಡು ನಿಜವಾಗಿಯೇ ಅತ್ತಳು. ಸುಗಲಮ್ಮನೂ ಅತ್ತಳು, ನಾಚಿಕೆಯಿಂದ. ಇದೆಲ್ಲ ಆಗಲೇ ಊರವರ ಫೋನುಗಳಲ್ಲಿ ಬರುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಖೋಲಿಗೆ ಬಂದಾಗ ಹುಲಗೇಶ ಗೋಡೆಗೆ ಒರಗಿ ಎದ್ದು ಕೂತಿದ್ದ. ಎಷ್ಟೋ ತಿಂಗಳಿಂದ ತಾನಾಗಿ ಎದ್ದು ಕೂತವನಲ್ಲ. ಪಕ್ಕದ ಖೋಲಿಯವರು ಫೋನಿನಲ್ಲಿ ಸಮಾರಂಭ ತೋರಿಸಿದ್ದರು.

“ನನ್ನ ಮಣ್ಣು ಮಾಡಿ ಬಂದ್ಯಾ?” ಎಂದ.

“ನಿಮ್ಮ ಸಲುವಾಗೇ ರೀ! ನಾಳೆ ಕಾರ್ ಬರ್ತೈತಿ, ದೊಡ್ಡ ದವಾಖಾನಿಗೆ ಕರಕೊಂಡ್ ಹೋಗ್ತಾರ...”

ಅವನು ಗೋಡೆ ಕಡೆ ಮುಖ ತಿರುಗಿಸಿದ. ಅನ್ನ ಕಲಸಿ ಕೊಟ್ಟರೆ ಮುಟ್ಟಲಿಲ್ಲ. ಅವಳು ಕಾಲು ಹಿಡಿದಳು, ಕಾಲು ಎಳೆದುಕೊಂಡ.

ಮರುದಿನ ಬೆಳಿಗ್ಗೆ ಕಾರು ಬಂತು. ಸುಶಾಂತ ಆಡಿದ ಮಾತು ಉಳಿಸಿಕೊಂಡ, ಇಲ್ಲವೆನ್ನಬಾರದು. ಅನುರಾಧಾ ಒಳಗೆ ಬಂದು, ಆಸ್ಪತ್ರೆಯಲ್ಲಿ ಎಲ್ಲ ತಯಾರಿದೆ, ಏಳಿ ಎಂದಳು. ಹುಲಗೇಶ ಮಲಗಿದಲ್ಲೇ ಕೈಮುಗಿದ.

“ಸತ್ತಾಂವಗ ದವಾಖಾನಿ ಯಾಕ್ರಿ ಅಕ್ಕಾರ? ನೀವು ಹೋಗ್ಬರ್ರಿ.”

ಅನುರಾಧಾ ಎಷ್ಟು ಬೇಡಿಕೊಂಡರೂ ಅವನು ಕಣ್ಣು ತೆರೆಯಲಿಲ್ಲ. ಸುಗಲಮ್ಮ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು. ಕೊಸರಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಆದರೆ ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡುಬಿಟ್ಟ. ಹೊರಗೆ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಕೊನೆಗೆ ಅನುರಾಧಾ ಕಣ್ಣೊರೆಸಿಕೊಂಡು ಎದ್ದು ಹೋಗಿ ಕಾರು ಹತ್ತಿದಳು.

“ನಿಂದರ್ರಿ ಅಕ್ಕಾರ, ಒಂದೀಟು ನಿಂದರ್ರಿ,” ಎನ್ನುತ್ತ ಸುಗಲಮ್ಮ ಇಕ್ಕಟ್ಟಿನ ಓಣಿಯಲ್ಲಿ ಹಿಂದಕ್ಕೆ ಸರಿಯುತ್ತಿದ್ದ ಕಾರಿನ ಜತೆಗೇ ನಡೆದಳು. “ಬರ್ತಾರ್ರಿ ಅವರು. ಬರ್ತಾರ.”