ಹಲ್ಲಿನ ತಂತಿಗೆ ಮದಲೂರಿನ ಅಪ್ಪಣೆ

ನನ್ನ ಹಲ್ಲಿನ ವಿಷಯದಲ್ಲಿ ಎಲ್ಲರನ್ನೂ ಕೇಳಿದರು, ನನ್ನೊಬ್ಬಳನ್ನು ಬಿಟ್ಟು. ಈಗ ಅಕ್ಕಪಕ್ಕದ ಮನೆಯ ಮಕ್ಕಳು ಬಾಯಿ ತುಂಬ ತಂತಿ ಹಾಕಿಸಿಕೊಂಡು, ಅದಕ್ಕೆ ಬಣ್ಣಬಣ್ಣದ ರಬ್ಬರು ಬೇರೆ ಆರಿಸಿಕೊಂಡು ಬಂದು ನನ್ನ ಮುಂದೆ ಕಿಸಿಯುತ್ತವೆ. ನೋಡಿ ಸಂತೋಷಪಡಬೇಕಾದ ವಯಸ್ಸು ನನ್ನದು. ಆಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಧುಗಿರಿ ತಾಲೂಕಿನ ಬಡವನಹಳ್ಳಿಯಲ್ಲಿ ನಾವಿದ್ದೆವು. ಅಪ್ಪ ಕರೆಂಟಿನ ಲೈನ್‌ಮನ್. ನನಗೆ ಹನ್ನೊಂದು ವರ್ಷ. ಹಾಲುಹಲ್ಲು ಬಿದ್ದಾಗಲೆಲ್ಲ ಅವ್ವ ಹೇಳಿದಂತೆ ಸಗಣಿ ಉಂಡೆಯೊಳಗಿಟ್ಟು ಮನೆಯ ಮೇಲೆ ಎಸೆದಿದ್ದೆ. ಎಸೆದದ್ದೆಲ್ಲ ನೆಟ್ಟಗಿದ್ದ ಹಲ್ಲುಗಳು. ಅವುಗಳ ಜಾಗಕ್ಕೆ ಬಂದವು ಮಾತ್ರ ಮುಂದಕ್ಕೆ ಚಾಚಿಕೊಂಡು ಬಂದವು. ಮೇಲಿನ ಎರಡು ಹಲ್ಲು ಯಾವಾಗಲೂ ಕೆಳತುಟಿಯ ಮೇಲೆ ಕೂತಿರುತ್ತಿದ್ದವು. ಬಾಯಿ ಮುಚ್ಚಬೇಕೆಂದರೆ ನಾನು ಪ್ರಯತ್ನಪಟ್ಟು ಮುಚ್ಚಬೇಕಿತ್ತು.

ಸ್ಕೂಲಿನಲ್ಲಿ ನನ್ನ ಹೆಸರು ಹಲ್ಲುಬ್ಬಿ. ನಮ್ಮ ಕ್ಲಾಸಿನವನೊಬ್ಬ ದಿನಕ್ಕೊಂದು ಹೊಸದು ಹುಡುಕಿಕೊಂಡು ಬರುತ್ತಿದ್ದ. "ಲೇ, ನಿಮ್ಮನೇಲಿ ಕಾಯಿ ತುರಿಯೋಕೆ ಮಣೆ ಬ್ಯಾಡ ಕಣೇ," ಅನ್ನುತ್ತಿದ್ದ. "ಮಳೆ ಬಂದ್ರೆ ಇವಳ ಹಲ್ಲಡಿ ನಿಂತ್ಕಳ್ರೋ," ಅನ್ನುತ್ತಿದ್ದ. ಒಂದು ದಿನ ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿದೆ. ಗುರುತು ಬಹಳ ದಿನ ಹೋಗಲಿಲ್ಲ. ಉಬ್ಬುಹಲ್ಲಿನಿಂದ ನನಗಾದ ಉಪಕಾರ ಅದೊಂದೇ. ಉಳಿದಂತೆ ಮಾತಾಡುವಾಗ, ನಗುವಾಗ ಎಡಗೈ ತಾನಾಗಿ ಬಾಯಿಗೆ ಅಡ್ಡ ಬರುವುದು ರೂಢಿಯಾಯಿತು.

ಆ ವರ್ಷ ತುಮಕೂರಿನಿಂದ ಹಲ್ಲಿನ ಡಾಕ್ಟರೊಬ್ಬರು ಸ್ಕೂಲಿಗೆ ಬಂದರು. ಸಾಲಾಗಿ ನಿಲ್ಲಿಸಿ, ಎಲ್ಲರ ಬಾಯಿಗೂ ಟಾರ್ಚು ಬಿಟ್ಟು, ಹುಳುಕು ಹಲ್ಲು ಎಣಿಸುತ್ತ ಬಂದವರು ನನ್ನ ಹತ್ತಿರ ನಿಂತರು. ಅಪ್ಪನನ್ನು ಕರೆಸಿ ಹೇಳಿದರು: "ಹಾಲುಹಲ್ಲು ಉದುರಿದ್ದು ಮುಗೀತು. ದವಡೆ ಇನ್ನೂ ಬೆಳೀತಾ ಇದೆ. ತಂತಿ ಹಾಕಿಸೋಕೆ ಇದೇ ಸರಿಯಾದ ವಯಸ್ಸು. ಒಂದೆರಡು ವರ್ಷದೊಳಗೆ ಹಾಕಿಸಿಬಿಡಿ, ಹಲ್ಲು ಹೇಳಿದ ಮಾತು ಕೇಳುತ್ತೆ. ಆಮೇಲೆ ಮಾಡಬಾರದು ಅಂತಲ್ಲ, ಕಷ್ಟ ಜಾಸ್ತಿ." ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಾಕುತ್ತಾರೆ, ತಿಂಗಳಿಗೊಂದು ಸಲ ಕರೆದುಕೊಂಡು ಹೋದರೆ ಸಾಕು ಎಂದರು.

ಅಪ್ಪನಿಗೆ ಅದು ತಕ್ಷಣ ಅರ್ಥವಾಯಿತು. ಮನೆಗೆ ಬಂದವನೇ ಅವ್ವನಿಗೆ ಹೇಳಿದ: "ವಾಲಿರೋ ಕಂಬಾನೇ ತಂತಿ ಬಿಗಿದು ನೆಟ್ಟಗೆ ಮಾಡ್ತೀವಿ. ಹಲ್ಲು ಯಾವ ಲೆಕ್ಕ?" ನಾನು ಬಾಗಿಲ ಸಂದಿಯಲ್ಲಿ ನಿಂತು ಕುಣಿಯುವುದೊಂದು ಬಾಕಿ. ಅವ್ವ ಒಲೆಯ ಮುಂದಿನಿಂದ ಏಳದೆಯೇ ಅಂದಳು: "ಆದ್ರೂ ಮದಲೂರಿನೋರನ್ನ ಒಂದು ಮಾತು ಕೇಳ್ಬೇಕಲ್ವಾ? ಅವರ ಮನೆ ಸೊಸೆ."

ಮದಲೂರು ಅವ್ವನ ತವರು, ಸಿರಾ ತಾಲೂಕಿನಲ್ಲಿದೆ. ನಮ್ಮ ಕಡೆ ಅಕ್ಕನಿಗೆ ಹೆಣ್ಣು ಹುಟ್ಟಿದರೆ ಅದು ತಮ್ಮನಿಗೇ ಎಂದು ಲೆಕ್ಕ. ನಾನು ಹುಟ್ಟಿದ ದಿನವೇ ಅಜ್ಜಿ, "ನನ್ ಸೊಸೆ ಹುಟ್ಟಿದ್ಲು," ಎಂದು ಊರಿಗೆಲ್ಲ ಬೆಲ್ಲ ಹಂಚಿದ್ದಳಂತೆ. ಆ ಬೆಲ್ಲ ತಿಂದವರಿಗೆಲ್ಲ ನನ್ನ ಮೇಲೆ ಹಕ್ಕು ಬಂದಿತ್ತು. ಸೋದರಮಾವ ನನಗಿಂತ ಹತ್ತು ವರ್ಷ ದೊಡ್ಡವನು, ಸಿರಾದಲ್ಲಿ ಕಾಲೇಜಿಗೆ ಹೋಗುತ್ತಿದ್ದ. ನನ್ನ ಬಾಯಿಗೆ ತಂತಿ ಹಾಕಲು ಅವರ ಅಪ್ಪಣೆ ಬೇಕು ಎಂದು ನನ್ನನ್ನು ಹೆತ್ತವರೇ ಗಂಟುಮೂಟೆ ಕಟ್ಟಿಕೊಂಡು ಭಾನುವಾರದ ಬಸ್ಸು ಹತ್ತಿದರು. ಥೂ, ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಜ್ಜಿ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿ, ಹೆಬ್ಬೆರಳಿನಿಂದ ಮೇಲ್ತುಟಿ ಎತ್ತಿ, ಸಂತೆಯಲ್ಲಿ ಎತ್ತಿನ ವಯಸ್ಸು ನೋಡುವಂತೆ ನೋಡಿದಳು.

"ಏನಾಗೈತೆ ಈ ಹಲ್ಲಿಗೆ? ಮುದ್ದೆ ನುಂಗಕ್ಕೆ ಹಲ್ಲೇ ಬ್ಯಾಡ," ಅಂದಳು.

ಅಪ್ಪ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡಳು. "ನೋಡಪ್ಪ, ನೀವು ಓದಿದೋರು. ಆದ್ರೆ ಮೇಲಿನ ಹಲ್ಲು ಅಂದ್ರೆ ಸೋದರಮಾವಂಗೆ ಸೇರಿದ್ದು. ಮಗೀಗೆ ಮೇಲಿನ ಹಲ್ಲು ಮೊದ್ಲು ಬಂದ್ರೇನೇ ಮಾವಂಗೆ ಆಗಲ್ಲ ಅಂತಾರೆ. ಅಂಥದ್ದಕ್ಕೆ ತಂತಿ ಬಿಗಿದು ಎಳೀತೀರಾ? ನನ್ ಮಗ ಬದುಕ್ಬೇಕೋ ಬ್ಯಾಡ್ವೋ?"

ಮಳೆಗಾಲದಲ್ಲಿ, ಗಾಳಿಯಲ್ಲಿ, ಹೆದರದೆ ಕಂಬ ಹತ್ತುತ್ತಿದ್ದ ಗಂಡಸು ಅತ್ತೆಯ ಆ ಒಂದು ಮಾತಿಗೆ ಸರಸರ ಇಳಿದುಬಿಟ್ಟ. "ನಿಮ್ಮಿಷ್ಟ ಅತ್ತೆ," ಎಂದು ಎದ್ದು ಕೆರೆ ಏರಿಯ ಕಡೆ ಬೀಡಿ ಸೇದಲು ಹೋದ.

ನಾನು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಅಜ್ಜಿ ನಡುಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದ ಮಾತು ನನಗೆ ಚೆನ್ನಾಗಿ ಕೇಳುತ್ತಿತ್ತು. ನಾನೇನು ಕಿವುಡಿಯೇ, ಹಲ್ಲುಬ್ಬಿ ಅಷ್ಟೆ.

"ಪೆದ್ದಿ ಆಗ್ಬ್ಯಾಡ ಕಣೇ," ಅಂದಳು ಅಜ್ಜಿ. "ಇವಳ ಬಣ್ಣ ಚೆನ್ನಾಗೈತೆ, ಕಣ್ಣು ಚೆನ್ನಾಗೈತೆ. ಹಲ್ಲೂ ನೆಟ್ಟಗಾದ್ರೆ ಕಂಡ್ಕಂಡೋರೆಲ್ಲ ಹೆಣ್ಣು ಕೇಳ್ಕಂಡು ಬತ್ತಾರೆ. ನಿನ್ ಗಂಡ ಆಸೆ ಬಿದ್ದು ಯಾರಿಗಾದ್ರೂ ಕೊಟ್ಬುಡ್ತಾನೆ. ಇಂಗೇ ಇರ್ಲಿ ಬುಡು. ಯಾರೂ ಕೇಳಲ್ಲ. ನೆಟ್ಟಗೆ ನಮ್ಮನೆಗೇ ಬತ್ತಾಳೆ."

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅವ್ವ ಈಗ ಏನಾದರೂ ಹೇಳುತ್ತಾಳೆ ಎಂದು ಕಾದೆ. ಜಗಳವಾಡದಿದ್ದರೂ ಬೇಡ, ಅಲ್ಲಿಂದ ಎದ್ದು ಬಂದರೂ ಸಾಕಿತ್ತು.

"ಆಯ್ತು ಬುಡವ್ವ," ಅಂದಳು ಅವ್ವ.

ಅಷ್ಟೇ. ಕೋಳಿಯ ಕಾಲಿಗೆ ದಾರ ಕಟ್ಟಿದಂತೆ ನನ್ನ ಬಾಯಿಗೆ ಹಲ್ಲು ಕಟ್ಟಿ ಬಿಟ್ಟರು. ಸಂಜೆ ಮಾವ ಬಂದಾಗ ಶಾಸ್ತ್ರಕ್ಕೆ ಅವನನ್ನೂ ಕೇಳಿದರು. ಅವನು ಕನ್ನಡಿಯಲ್ಲಿ ತನ್ನ ಕ್ರಾಪು ತೀಡಿಕೊಳ್ಳುತ್ತ, "ನಂಗೇನಕ್ಕ, ಇರ್ಲಿ ಬುಡು," ಅಂದ. ತಿರುಗಿ ನನ್ನ ಮುಖ ಕೂಡ ನೋಡಲಿಲ್ಲ.

ಹೈಸ್ಕೂಲು ಮುಗಿಸುವವರೆಗೂ ನಾನು ಒಂದು ಗ್ರೂಪ್ ಫೋಟೋದಲ್ಲೂ ನಕ್ಕಿಲ್ಲ. ನಾಟಕದಲ್ಲಿ ನನಗೆ ಮಾತಿಲ್ಲದ ಪಾತ್ರ. ಕನ್ನಡ ಮೇಷ್ಟ್ರು ಪದ್ಯ ಓದಿಸುವಾಗ ನನ್ನನ್ನು ದಾಟಿ ಮುಂದಿನವಳನ್ನು ಎಬ್ಬಿಸುತ್ತಿದ್ದರು. ಕನಿಕರವಂತೆ! ಅವರ ಕನಿಕರಕ್ಕೆ ಬೆಂಕಿ ಹಾಕಬೇಕು ಅನ್ನಿಸುತ್ತಿತ್ತು. ಡಾಕ್ಟರು ಹೇಳಿದ ಒಂದೆರಡು ವರ್ಷ ಕಳೆದುಹೋದದ್ದನ್ನು ಮನೆಯಲ್ಲಿ ನಾನೊಬ್ಬಳೇ ಗಮನಿಸಿದ್ದೆ.

ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಕ್ಕೆ ಮಾವನಿಗೆ ಪಾವಗಡದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸಿಕ್ಕಿದ ಮೇಲೆ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂರದೆ ಕುರ್ಚಿ ಎಳೆಸಿಕೊಂಡು ಕೂತ. ನಾನು ಕಾಫಿ ಕೊಟ್ಟು ಒಳಗೆ ಹೋದೆ. ಅವನು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

"ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡ. ಅವಳು ನಕ್ಕರೆ ಮುಖಾನೇ ಕಾಣಲ್ಲ, ಬರೀ ಹಲ್ಲು. ನಮ್ ಆಫೀಸಿನೋರ ಮುಂದೆ ಹೆಂಗೆ ಕರ್ಕಂಡೋಗ್ಲಿ? ಸಣ್ಣೋಳಿದ್ದಾಗ್ಲೇ ಒಂದು ತಂತಿ ಹಾಕ್ಸಿದ್ರೆ ನಾನೇನು ಬ್ಯಾಡ ಅಂತಿದ್ನಾ?"

ಅಯ್ಯೋ ನಿನ್ನ ನಾಲಿಗೆಗೆ! ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ತಂದು ಸುರಿಯಬೇಕು ಅನ್ನಿಸಿತು. ಅವನನ್ನು ಮದುವೆಯಾಗಬೇಕೆಂಬ ಆಸೆ ನನಗೆ ಒಂದು ದಿನವೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವನು ಹೋದದ್ದೇ ನನ್ನ ಪುಣ್ಯ. ಆದರೆ ನನ್ನ ಹಲ್ಲು ಹಾಳುಮಾಡಿ, ಆ ಹಾಳು ಹಲ್ಲನ್ನೇ ನೆಪ ಮಾಡಿಕೊಂಡು ಹೋದನಲ್ಲ, ಅದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ.

ವಾರ ಕಳೆಯುವುದರಲ್ಲಿ ಅಜ್ಜಿ ಬಂದಳು. ಜೊತೆಗೆ ಒಂದು ಕುಕ್ಕೆ ಕಡಲೆಕಾಯಿ, ಒಂದು ಹೊಸ ಬುದ್ಧಿ. "ಆಗಿದ್ದು ಆಗೋಯ್ತು. ಈಗಲಾದ್ರೂ ಹುಡುಗಿ ಹಲ್ಲಿಗೆ ತಂತಿ ಹಾಕ್ಸ್ರಿ. ನೆಟ್ಟಗಾದ್ರೆ ಯಾರಾದ್ರೂ ಒಪ್ತಾರೆ," ಎಂದು ಅಪ್ಪನಿಗೆ ಹೇಳಿದಳು. ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪ ತಲೆಯಾಡಿಸುತ್ತಿದ್ದ. ನಾನು ಹೊರಗೆ ಬಂದೆ. "ನನಗೆ ಬೇಕಾದಾಗ ನೀವು ಹಾಕ್ಸಲಿಲ್ಲ. ಈಗ ನಿಮಗೆ ಬೇಕು, ನಾನು ಹಾಕಿಸ್ಕೊಳಲ್ಲ," ಅಂದೆ. "ಒಪ್ಪೋನು ಈ ಹಲ್ಲನ್ನೇ ಒಪ್ಲಿ. ಇಲ್ದಿದ್ರೆ ನಿಮ್ಮನೆ ಕಡಲೆಕಾಯಿ ಸುಲ್ಕಂಡು ಬಿದ್ದಿರ್ತೀನಿ." ನಾನು ಅಷ್ಟು ದೊಡ್ಡದಾಗಿ ಬಾಯಿ ತೆರೆದದ್ದನ್ನು ಅಜ್ಜಿ ಆವತ್ತೇ ಮೊದಲು ನೋಡಿದ್ದು. ಅವ್ವ ಮೊರ ತಂದು ಆ ಕಡಲೆಕಾಯಿ ಕೇರತೊಡಗಿದಳು.

ಮಾವನಿಗೆ ಪಾವಗಡದ ಕಡೆಯ ಹೆಣ್ಣು ಗೊತ್ತಾಯಿತು. ತೆಲುಗು ಬೆರೆತ ಮಾತು, ನೋಡಿದರೆ ಪಾಪದ ಹುಡುಗಿ. ಹೆಣ್ಣಿನ ಮನೆಯಲ್ಲಿ ಧಾರೆಯಾಗಿ ಮರುದಿನ ಗಂಡುಹೆಣ್ಣು ಮದಲೂರಿಗೆ ಬಂದರು. ನಮ್ಮಲ್ಲಿ ಮನೆ ತುಂಬಿಸಿಕೊಳ್ಳುವಾಗ ಗಂಡಿನ ಅಕ್ಕ ಬಾಗಿಲು ತಡೆಯಬೇಕು. "ನಿನಗೆ ಹುಟ್ಟೋ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಎಂದು ಕೇಳಬೇಕು. ಮದುವಣಗಿತ್ತಿ "ಕೊಡ್ತೀನಿ" ಅಂದಮೇಲೇ ದಾರಿ ಬಿಡುವುದು. ನನಗೊಬ್ಬ ತಮ್ಮನಿದ್ದ. ಹಾಗಾಗಿ ಅವ್ವ ಏನು ಕೇಳಬೇಕೆಂಬುದು ನೆರೆದವರಿಗೆಲ್ಲ ಗೊತ್ತಿತ್ತು.

ಅವ್ವ ಹೊಸಿಲ ಮೇಲೆ ನಿಂತು ಎರಡೂ ಕೈ ಬಾಗಿಲಿಗೆ ಅಡ್ಡ ಕೊಟ್ಟಳು. ಹೆಂಗಸರು ನಗುತ್ತ, "ಕೇಳಮ್ಮ ಕೇಳು," ಎಂದರು. ಅವ್ವ ನಗಲಿಲ್ಲ.

"ನಿನ್ ಮಗಳು ನನ್ ಮಗಂಗೆ ಬ್ಯಾಡ ಕಣಮ್ಮ," ಅಂದಳು. "ನಿನಗೆ ಹೆಣ್ಣು ಹುಟ್ಟಿ, ಅದರ ಹಲ್ಲು ಉಬ್ಬಿಕೊಂಡು ಬಂದ್ರೆ, ಡಾಕ್ಟ್ರು ಹೇಳಿದ ವಯಸ್ಸಿಗೆ ಸರಿಯಾಗಿ ತಂತಿ ಹಾಕ್ಸು. ನಿನ್ ಗಂಡನ್ನ ಕೇಳ್ಬ್ಯಾಡ. ನಿನ್ ಅತ್ತೇನ ಕೇಳ್ಬ್ಯಾಡ. ಯಾರನ್ನೂ ಕೇಳ್ಬ್ಯಾಡ. ಹಾಕ್ಸ್ತೀನಿ ಅನ್ನು, ದಾರಿ ಬುಡ್ತೀನಿ."

ವಾಲಗದವರು ಕೂಡ ನಿಲ್ಲಿಸಿದರು. ಅಜ್ಜಿ ಆರತಿ ತಟ್ಟೆ ಹಿಡಿದುಕೊಂಡೇ, "ಏನೇ ಇದು, ಒಳ್ಳೆ ಗಳಿಗೇಲಿ? ಸರಿ ಆಚೆಗೆ!" ಎಂದು ಗದರಿದಳು. ಮಾವನ ಮುಖ ಕಪ್ಪಿಟ್ಟಿತು. ಅವ್ವ ಒಂದಿಂಚು ಕದಲಲಿಲ್ಲ. ಬಂದ ಹುಡುಗಿ ಕಕ್ಕಾಬಿಕ್ಕಿಯಾಗಿ ಗಂಡನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಕೊನೆಗೆ ಅವ್ವನ ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಅವಳಿಗೆ ಏನು ಅರ್ಥವಾಯಿತೋ. "ಸರೇ ವದಿನಾ," ಅಂದಳು. ಗಂಡನ ಅಕ್ಕನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. "ಹಾಕಿಸ್ತೀನಿ. ಯಾರನ್ನೂ ಕೇಳಲ್ಲ." ಅವ್ವ ಪಕ್ಕಕ್ಕೆ ಸರಿದಳು.

ಆ ದಿನವೆಲ್ಲ ಹೆಂಗಸರು ಗುಂಪುಗುಂಪಾಗಿ ಅದನ್ನೇ ಮಾತಾಡಿದರು. ಎಂಥಾ ಎದೆ, ಎಂಥಾ ಮಾತು ಎಂದು ಹೊಗಳಿದರು. ನಾನು ಹೊಗಳಲಿಲ್ಲ. ಅಷ್ಟು ದೊಡ್ಡ ದನಿ ಅವಳ ಗಂಟಲಲ್ಲಿ ಇಷ್ಟು ವರ್ಷ ಇತ್ತಲ್ಲ ಎಂದು ನನಗೆ ಕೋಪ ಒತ್ತರಿಸಿಕೊಂಡು ಬರುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಸಿರಾ ದಾಟಿತು. ಆಮೇಲೆ ತಡೆಯಲಾಗಲಿಲ್ಲ.

"ಇನ್ನೂ ಹುಟ್ಟದೇ ಇರೋ ಹುಡುಗಿಗೋಸ್ಕರ ಬಾಗಿಲಿಗೆ ಅಡ್ಡ ನಿಂತ್ಯಲ್ಲವ್ವ. ನನಗೋಸ್ಕರ ಯಾಕೆ ನಿಲ್ಲಲಿಲ್ಲ?"

"ತವರಿನ ಬಾಗಿಲು ತಡೆದು ಕೇಳಕ್ಕೆ ನಮಗೆ ಬುಡೋದು ಅದೊಂದೇ ದಿನ ಕಣಮ್ಮ," ಅಂದಳು ಅವ್ವ. "ಅದು ಬರೋ ಹೊತ್ಗೆ ನೀನು ದೊಡ್ಡೋಳಾಗ್ಬುಟ್ಟಿದ್ದೆ."

ಅವಳು ಮಡಿಲಲ್ಲಿದ್ದ ನನ್ನ ಎಡಗೈಯನ್ನು ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ. ಎದುರು ಸೀಟಿನವರು ತಿರುಗಿ ನೋಡುತ್ತಿದ್ದರು, ಬಾಯಿಗೆ ಅಡ್ಡ ಹಿಡಿಯಲು ಆ ಕೈ ನನಗೆ ಬೇಕಿತ್ತು.