ಮುಖ ನೋಡದೆ ಮಣೆ ಹಾಕುವ ಬಾಗಿಲಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ಹೋಟೆಲಿನ ಊಟದ ಹಾಲ್‌ನೊಳಗೆ ಬರುವ ಹೆಂಗಸು ಮೊದಲು ಚಪ್ಪಲಿ ಬದಲಿಸುತ್ತಾರೆ, ಕೂದಲು ಬಿಗಿದು ಕಟ್ಟುತ್ತಾರೆ, ಆಮೇಲೆ ಇಪ್ಪತ್ತಾರು ಮೇಜುಗಳ ನಡುವೆ ಒಂದು ಸುತ್ತು ಬರುತ್ತಾರೆ. ಯಾವ ಮೇಜು ಕುಂಟುತ್ತದೆ ಎಂದು ಅಂಗೈ ಊರಿ ನೋಡುವುದು ಅವರ ರೂಢಿ. ಇವತ್ತು ಒಂಬತ್ತನೆಯದು ಕುಂಟುತ್ತಿದೆ. ಮಡಚಿದ ರಟ್ಟನ್ನು ಅದರ ಕಾಲಡಿಗೆ ತಳ್ಳಿ, "ಸುಮ್ನೆ ನಿಂತ್ಕೋ, ಮಧ್ಯಾಹ್ನದವರೆಗೆ ಮಾನ ಕಳೀಬೇಡ" ಎಂದು ಮೇಜಿಗೇ ಗದರುತ್ತಾರೆ. ಒಳಗೆ ಒಲೆ ಹಚ್ಚುತ್ತಿರುವ ಅಡುಗೆಯವನಿಗೆ ನಗು.

ಐವತ್ತೊಂದು ವರ್ಷದ ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಬಾಗಿಲಕ್ಕ ಎಂದೇ. ಬಂದವರನ್ನು ಬಾಗಿಲಲ್ಲಿ ಎದುರುಗೊಂಡು, ಎಷ್ಟು ಜನ ಎಂದು ಕೇಳಿ, ಮೇಜು ತೋರಿಸುವುದು ಅವರ ಕೆಲಸ. ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಬಿಡುವಿಲ್ಲದ ದಿನ ನಾನೂರು ಜನ, ಮಂಕಾದ ದಿನ ಇನ್ನೂರೈವತ್ತು. ಮೊದಲ ನಾಲ್ಕು ವರ್ಷ ಇಲ್ಲೇ ತಟ್ಟೆ ತೊಳೆದರು. ಬಾಗಿಲಿಗೆ ಬಂದು ಈಗ ಹತ್ತೊಂಬತ್ತು ವರ್ಷ. ಬಲ ಮಂಡಿ ಸಂಜೆಯ ಹೊತ್ತಿಗೆ ಬಾತುಕೊಳ್ಳುತ್ತದೆ. "ಮಂಡಿ ಬೈಯುತ್ತೆ, ಬಾಯಿ ನಗುತ್ತೆ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು" ಎನ್ನುತ್ತಾರೆ.

ಹಾಲ್‌ನಲ್ಲಿ ಎರಡು ಜಾಗಗಳಿಗೆ ಮಾತ್ರ ಹೆಸರಿದೆ. ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಪಕ್ಕ ನಾಲ್ಕು ಮೇಜುಗಳಿವೆ. ಹಿಂದೆ, ದಪ್ಪ ಕಂಬದ ಮರೆಯಲ್ಲಿ, ಪಾತ್ರೆ ತೊಳೆಯುವ ಸದ್ದು ನೇರ ಕಿವಿಗೆ ಬೀಳುವಲ್ಲಿ, ಇಬ್ಬರು ಕೂರುವ ಎಂಟನೇ ಮೇಜಿದೆ. ಬಾಗಿಲಕ್ಕ ಕೆಲಸ ಕಲಿತ ಕಾಲದಲ್ಲಿ ಇವೆರಡೂ ಗುಟ್ಟಿನ ಮಾತುಗಳಾಗಿದ್ದವು. ಮೊದಲು ಚಪ್ಪಲಿ ನೋಡು, ಆಮೇಲೆ ಕೈಗಡಿಯಾರ ನೋಡು, ಮುಖ ಕೊನೆಗೆ ನೋಡು ಎಂದು ಹಿರಿಯಾಕೆಯೊಬ್ಬಳು ಕಲಿಸಿದ್ದಳು. ಹೊಳೆಯುವ ಬೂಟು ಬಂದರೆ ಬಡಿಸುವವನ ಕಡೆ ತಿರುಗಿ "ಗಾಜು" ಎನ್ನಬೇಕು. ಸವೆದ ಚಪ್ಪಲಿ ಬಂದರೆ "ಕಂಬ". ಬಂದವರ ಎದುರಿಗೇ ಹೇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

"ನಾನು ಅದರಲ್ಲಿ ಬಲು ಜಾಣೆ. ಕಣ್ಣು ನೆಲದ ಮೇಲಿಟ್ಟೇ ಹೇಳ್ತಿದ್ದೆ. ಮನೆಗೆ ಹೋಗಿ ಅಕ್ಕನ ಮುಂದೆ ಕೊಚ್ಕೋತಿದ್ದೆ, ಇವತ್ತು ಹನ್ನೆರಡು ಕಂಬ ಕಣೆ ಅಂತ. ಅವಳೂ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು."

ಈ ಅಕ್ಕ ಬರೀ ಅಕ್ಕ ಅಲ್ಲ. ತಂದೆ ತೀರಿಕೊಂಡಾಗ ಶಾಲೆ ಬಿಟ್ಟು, ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಕಡೆ ಸೇರಿ, ತಂಗಿಯನ್ನು ಸಾಕಿದವರು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರಿಗೆ ಅರ್ಧ ದಿನ ರಜೆ ಸಿಕ್ಕಿತು. ತಂಗಿಯ ಕೆಲಸದ ಜಾಗದಲ್ಲೇ ಒಮ್ಮೆ ಕೂತು ಉಣ್ಣೋಣವೆಂದು, ಹೇಳದೆ ಕೇಳದೆ, ಒಗೆಯುವ ಮನೆಯಿಂದ ನೇರ ಬಂದು ಸಾಲಿನಲ್ಲಿ ನಿಂತರು. ಬಾಗಿಲಲ್ಲಿ ಜಾತ್ರೆಯಂಥ ಗದ್ದಲ. ಬಾಗಿಲಕ್ಕನ ಕಣ್ಣು ನೆಲದ ಮೇಲೆ. ಒದ್ದೆ ರಬ್ಬರ್ ಚಪ್ಪಲಿ, ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಾದ ಹೆಬ್ಬೆರಳು. ತಲೆ ಎತ್ತದೆಯೇ ಹೇಳಿಬಿಟ್ಟರು: "ಒಂದು ಕಂಬ."

ಊರಿಗೆಲ್ಲ ಅರ್ಥವಾಗದ ಆ ಮಾತು ಅರ್ಥವಾಗುತ್ತಿದ್ದ ಒಬ್ಬಳೇ ಗಿರಾಕಿ ಅವತ್ತು ಎದುರಿಗಿದ್ದಳು.

ಅಕ್ಕ ಜಗಳ ಮಾಡಲಿಲ್ಲ. ಹೋಗಿ ಕಂಬದ ಹಿಂದೆ ಕೂತರು, ಉಂಡರು, ಎದ್ದರು. ಹೋಗುವಾಗ ಬಡಿಸುವವನಿಗೆ ಹೇಳಿದ್ದು ಇಷ್ಟೇ: "ಕಂಬ ಗಟ್ಟಿಯಾಗಿದೆ ಅಂತ ನಿಮ್ಮ ಬಾಗಿಲಿನವಳಿಗೆ ಹೇಳಪ್ಪ."

"ಬೈದಿದ್ರೆ ಚೆನ್ನಾಗಿತ್ತು. ರಾತ್ರಿ ಮನೇಲಿ ಎಂದಿನ ಹಾಗೇ ತಟ್ಟೆ ಇಟ್ಲು, ಬಡಿಸಿದ್ಲು. ನಾನು ಅನ್ನ ಕಲಸ್ತಾನೇ ಕೂತೆ" ಎನ್ನುವಾಗ ಬಾಗಿಲಕ್ಕನ ದನಿ ಏರುವುದೂ ಇಲ್ಲ, ಒಡೆಯುವುದೂ ಇಲ್ಲ. ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿರುವ ಮಾತದು.

ಮಾರನೇ ವಾರ ಅವರು ಬಡಗಿಯೊಬ್ಬನನ್ನು ಹಿಡಿದು, ಮೇಜಿಗೊಂದರಂತೆ ಇಪ್ಪತ್ತಾರು ಮರದ ಬಿಲ್ಲೆ ಮಾಡಿಸಿ, ನಂಬರು ಕೊರೆಸಿದರು. ಬಾಗಿಲ ಪಕ್ಕದ ಗೋಡೆಗೆ ಎರಡು ಕಬ್ಬಿಣದ ಸರಳು ಹೊಡೆಸಿದರು. ಒಂದು ಇಬ್ಬರು ಕೂರುವ ಮೇಜುಗಳದ್ದು, ಇನ್ನೊಂದು ನಾಲ್ವರದ್ದು. ಮೇಜು ಖಾಲಿಯಾಗಿ ಒರೆಸಿದ ಕೂಡಲೇ ಬಡಿಸುವವರು ಅದರ ಬಿಲ್ಲೆಯನ್ನು ಎಡತುದಿಯಿಂದ ಪೋಣಿಸಬೇಕು. ಬಾಗಿಲಲ್ಲಿರುವವರು ಬಲತುದಿಯಿಂದ ಎಳೆಯಬೇಕು. ಯಾವ ನಂಬರು ಬಂತೋ ಅದು ಮುಂದಿನವರ ಮೇಜು. ಬಿಲ್ಲೆ ಕೈಗೆ ಬರುವ ತನಕ ಬಾಗಿಲಕ್ಕ ಸರಳಿನಿಂದ ಕಣ್ಣು ತೆಗೆಯುವುದಿಲ್ಲ. "ಮೊದಲು ಬಿಲ್ಲೆ, ಆಮೇಲೆ ಮುಖ. ಮುಖ ನೋಡಿ ಮಣೆ ಹಾಕೋ ಚಾಳಿ ನನ್ನ ಕಣ್ಣಿಗೆ ಹತ್ತಿತ್ತಲ್ಲ, ಅದಕ್ಕೇ ಕೆಲಸ ಕೈಗೆ ಕೊಟ್ಟೆ." ಹೆಚ್ಚು ನಡೆಯಲಾಗದವರಿಗೆ, ಕೋಲೂರಿ ಬಂದವರಿಗೆ ಮಾತ್ರ ಬಾಗಿಲ ಹತ್ತಿರದ್ದು. ಬೇರೆ ರಿಯಾಯಿತಿ ಇಲ್ಲ. ಹೋಟೆಲಿನ ಯಜಮಾನಿ ಬಿಲ್ಲೆಗಳನ್ನು ತಿರುವಿ ನೋಡಿ, "ಮೇಜು ತುಂಬಿದ್ರೆ ನಂಗೆ ಸಾಕು, ನೀನು ಕವಡೆ ಬೇಕಾದ್ರೂ ಹಾಕು" ಎಂದರಂತೆ.

ಅಕ್ಕನಿಗೂ ಹೇಳಿ ಕರೆದರು. ಅಕ್ಕ ಒಲ್ಲೆನೆಂದು ತಲೆಯಾಡಿಸಿದರು. "ನೀನು ಬಾಗಿಲಲ್ಲಿದ್ರೆ ಬರಲ್ಲ ಕಣೆ ಪುಟ್ಟಿ. ನೀನು ಅಕ್ಕ ಅಂತ ಕೂರಿಸ್ತೀಯ, ಅದರಲ್ಲೇನಿದೆ? ನೀನಿಲ್ಲದ ದಿನ ಯಾರಾದ್ರೂ ನನ್ನ ಸರಿಯಾಗಿ ಕೂರಿಸಿದ್ರೆ, ಆಗ ನಿನ್ನ ಬಿಲ್ಲೆಗೆ ಬೆಲೆ." ಬಾಗಿಲಕ್ಕ ರಜೆ ಹಾಕುವವರೇ ಅಲ್ಲ. ಹನ್ನೊಂದು ವರ್ಷ ಹಾಗೇ ಸರಿಯಿತು.

ಹೋದ ತಿಂಗಳು ಯಜಮಾನಿಯ ಸೋದರಳಿಯ ಮ್ಯಾನೇಜರಾಗಿ ಬಂದಿದ್ದಾರೆ. ಓದಿದವರು, ಮಾತು ಮೃದು. ಗಾಜಿನ ಪಕ್ಕ ಕೂತವರೇ ಅಂಗಡಿಯ ಮುಖ. ಬೀದಿಯಲ್ಲಿ ಹೋಗುವವರು ಅವರನ್ನು ನೋಡಿಯೇ ಒಳಗೆ ಬರುತ್ತಾರೆ ಎಂಬುದು ಅವರ ಲೆಕ್ಕ. ನಾಲ್ಕು ಮೇಜನ್ನು ಒಳ್ಳೆಯ ಗಿರಾಕಿಗಳಿಗೆ ತೆಗೆದಿಡಿ ಎಂದು ಹೇಳಿದ್ದರು. ಭಾನುವಾರ ಮಧ್ಯಾಹ್ನ ಮೊಣಕೈವರೆಗೆ ಸುಣ್ಣಬಣ್ಣ ಮೆತ್ತಿಕೊಂಡ ಪೇಂಟರ್ ಒಬ್ಬ ತನ್ನ ತಾಯಿಯ ಜೊತೆ ಬಂದಾಗ ಬಲತುದಿಯಲ್ಲಿದ್ದದ್ದು ಎರಡನೇ ನಂಬರಿನ ಬಿಲ್ಲೆ. ಗಾಜು. ಮ್ಯಾನೇಜರು ಕೆಮ್ಮಿ ಮೆಲ್ಲಗೆ ಹೇಳಿದರು: "ಅವರಿಗೆ ಹಿಂದೆ ಕೊಡಿ. ಹಿಂದಿನದೂ ಖಾಲಿ ಇದೆಯಲ್ಲ?"

"ಇದೆ ಸಾರ್. ಅದು ಇವರ ಹಿಂದೆ ನಿಂತಿರೋರದ್ದು."

ಹಿಂದೆ ನಿಂತಿದ್ದವರು ಇಸ್ತ್ರಿ ಮಾಡಿದ ಕೋಟಿನ ದಂಪತಿ. ಹೋಗಿ ಕಂಬದ ಮರೆಯಲ್ಲಿ ಕೂತರು. ಹೆಂಡತಿ ಫ್ಯಾನು ನೋಡಿ, "ಸದ್ಯ, ಇಲ್ಲಿ ಬಿಸಿಲಿಲ್ಲ" ಎಂದದ್ದು ಬಾಗಿಲವರೆಗೂ ಕೇಳಿಸಿತು. ಆದರೂ ಸಂಜೆ ಅಪ್ಪಣೆಯಾಯಿತು: ನಾಳೆಯಿಂದ ಬಾಗಿಲಕ್ಕ ಒಳಗಿನ ಕೋಣೆಯಲ್ಲಿ ಕೈ ಒರೆಸುವ ಬಟ್ಟೆ ಮಡಚಬೇಕು. ಬಾಗಿಲಿಗೆ ಮೀಸೆ ನಿಲ್ಲುತ್ತಾನೆ. ಮೀಸೆ ಎಂದರೆ ಇಲ್ಲಿ ಹದಿನಾಲ್ಕು ವರ್ಷದಿಂದ ಬಡಿಸುತ್ತಿರುವ, ಗಿರಿಜಾ ಮೀಸೆಯ ಆಸಾಮಿ.

ಬಾಗಿಲಕ್ಕ ಮನೆಗೆ ಹೋಗಿ ಸುದ್ದಿ ಹೇಳಿದರು. ಅಕ್ಕ ಕೇಳಿಸಿಕೊಂಡು, "ಹಾಗಾದ್ರೆ ನಾಳೆ ನೀನು ಬಾಗಿಲಲ್ಲಿ ಇರಲ್ಲ" ಎಂದಷ್ಟೇ ಹೇಳಿ ದೀಪ ಆರಿಸಿದರು. ಆ ಮಾತಿನ ಭಾರ ತಂಗಿಗೆ ಗೊತ್ತಿತ್ತು. ಮಡಚುವ ಕೋಣೆಗೆ ಊಟದ ಹಾಲ್ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಸೋಮವಾರ ಇನ್ನೂರು ಬಟ್ಟೆ ಮಡಚಿದರು, ಅದರಲ್ಲಿ ಅರ್ಧ ಸೊಟ್ಟಗೆ.

ಮಧ್ಯಾಹ್ನ ಮೀಸೆ ತಲೆ ಒಳಗೆ ಹಾಕಿದ. "ಅಕ್ಕಾ, ನಿಮ್ಮಕ್ಕ ಬಂದವ್ರೆ. ಎಂಟನೇ ನಂಬರು."

"ಕಂಬಕ್ಕೆ ಹಾಕಿದ್ಯೇನೋ ಪುಣ್ಯಾತ್ಮ!"

"ಬಿಲ್ಲೆ ಬಂತು, ಹಾಕ್ದೆ. ಇನ್ನೇನ್ ಮಾಡ್ಲಿ? ಚಪ್ಪಲಿ ನೋಡಿ ಕೂರ್ಸು ಅಂದ್ರು ಮ್ಯಾನೇಜರು. ಅಷ್ಟು ಜನ ಒಟ್ಟಿಗೆ ನುಗ್ಗಿದಾಗ ಯಾರ ಕಾಲು ಅಂತ ನೋಡ್ಲಿ? ಬೆಳಿಗ್ಗೆ ಹಾಗೆ ಕೂರ್ಸಿ ತೋರಿಸ್ತೀನಿ ಅಂತ ಅವರೇ ಬಾಗಿಲಲ್ಲಿ ಅರ್ಧ ಗಂಟೆ ನಿಂತ್ರಲ್ಲ. ಗಾಜಿನ ಹತ್ರ ನಾಲ್ಕೂ ಖಾಲಿ, ಬಾಗಿಲಾಚೆ ಹದಿನೇಳು ಜನ. ಬೆವರು ಒರೆಸ್ಕೊಂಡು ಬಾಗಿಲು ನನ್ನ ಕೈಗೆ ಕೊಟ್ಟು ಹೋದ್ರು."

ಬಾಗಿಲಕ್ಕ ಹೊರಗೆ ಬಂದರು. ಕಂಬದ ಹಿಂದೆ ಅದೇ ರಬ್ಬರ್ ಚಪ್ಪಲಿಯ ಅಕ್ಕ, ಮುಗಿದ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದರು.

"ಏನೇ, ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀಯ? ನನ್ನ ಮುಂದೆ ಕಸದ ಗಾಡಿಯವನಿದ್ದ, ಅವನಿಗೆ ಗಾಜು. ನನ್ನ ಹಿಂದೆ ಕೋಟಿನವನಿದ್ದ, ಅವನಿಗೂ ಗಾಜು. ಮಧ್ಯ ನಂಗೆ ಕಂಬ." ಅಕ್ಕ ಲೋಟ ಎತ್ತಿ ನೀರು ಕುಡಿದರು. "ಕಳಿಸಿದ ಕಂಬ ಬೇರೆ ಕಣೆ, ಸರದಿಗೆ ಬಂದ ಕಂಬ ಬೇರೆ. ಊಟ ಚೆನ್ನಾಗಿತ್ತು."

ಬಾಗಿಲಕ್ಕ ಅಲ್ಲಿಯೇ ನಿಂತು ಅತ್ತರು ಎಂದು ಮೀಸೆ ಹೇಳುತ್ತಾನೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು, ಕಣ್ಣಿಗೆ ಖಾರ ಬಡಿಯಿತು ಎಂದು ಬಾಗಿಲಕ್ಕ ಹೇಳುತ್ತಾರೆ.

ಬುಧವಾರದಿಂದ ಅವರು ಮತ್ತೆ ಬಾಗಿಲಲ್ಲಿದ್ದಾರೆ. ಕರೆದವರು ಮ್ಯಾನೇಜರೇ. ಬಾಗಿಲಕ್ಕ ಅವರನ್ನು ಒಂದು ಮಾತು ಕೇಳಿದ್ದಾರೆ: ವಾರಕ್ಕೊಂದು ದಿನ ಮೀಸೆಯೇ ಬಾಗಿಲಲ್ಲಿ ನಿಲ್ಲಲಿ. ಯೋಚಿಸಿ ಹೇಳುತ್ತೇನೆ ಎಂದಿದ್ದಾರಂತೆ ಮ್ಯಾನೇಜರು. ಮಂಡಿಗೆ ಆರಾಮ ಸಿಗಲಿ ಎಂದೇ?

"ಮಂಡಿದು ಬಿಡಿ. ಹತ್ತೊಂಬತ್ತು ವರ್ಷದಲ್ಲಿ ಲಕ್ಷಾಂತರ ಜನಾನ ಇಲ್ಲಿ ಕೂರಿಸಿದೀನಿ, ನಾನು ಒಂದು ದಿನಾನೂ ಕೂತು ಉಂಡಿಲ್ಲ. ಅಕ್ಕನ ಜೊತೆ ಸಾಲಲ್ಲಿ ನಿಲ್ಲಬೇಕು, ಇದೇ ಬಟ್ಟೇಲಿ. ಮೀಸೆ ಸರಳು ನೋಡ್ಕೊಂಡೇ ಬಿಲ್ಲೆ ಎಳೀಬೇಕು. ಯಾವುದು ಬರುತ್ತೋ ಅದು ನಮ್ಮದು."