ಅಡಿಗೆಮನೆ ಗೋಡೆಯ ಕಿಂಡಿ

…ಅಥವಾ ಅಕ್ಕ ಹಾಗೆ ನಿಂತಿರಲೇ ಇಲ್ಲವೇನೋ. ಸೆರಗನ್ನು ಭುಜದ ತುಂಬ ಹರಡಿಕೊಂಡು, ಹಿಂದಿನ ಕಿಂಡಿ ಕಾಣದಂತೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು ಎಂಬ ಚಿತ್ರ ಕಣ್ಣಿಗೆ ಕಟ್ಟಿದೆ. ಆದರೆ ಆ ಗೋಡೆ ನನ್ನ ತಲೆಗಿಂತ ಎತ್ತರವಿತ್ತು. ಅಕ್ಕ ಆಚೆ, ನಾನು ಈಚೆ. ನೋಡಿದ್ದು ಹೇಗೆ?

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ಎಪ್ಪತ್ತರ ದಶಕದ ನಡುವೆ ನಾನೂ ಅಕ್ಕನೂ ಮಂಡ್ಯದಲ್ಲಿ ಒತ್ತೊತ್ತಿಗೇ ಇದ್ದ ಎರಡು ಸೈಟು ಕೊಂಡೆವು. ಇಬ್ಬರೂ ಟೀಚರುಗಳು, ಯಲಿಯೂರಿನವರು. ಊರಲ್ಲಿ ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ಒಂದೇ ಗೋಡೆ, ಅಡಿಗೆಮನೆಯಲ್ಲಿ ಅದಕ್ಕೊಂದು ಕಿಂಡಿ. ಕೆಂಡ, ಹೆಪ್ಪಿನ ಮಜ್ಜಿಗೆ, ಉಪ್ಸಾರು, ಬೈಗುಳ ಎಲ್ಲ ಅದರಲ್ಲೇ ಹೋಗಿ ಬರುತ್ತಿದ್ದವು. ಅಂಥದ್ದೊಂದು ಅಕ್ಕನಿಗೆ ಬೇಕೇ ಬೇಕಿತ್ತು. ಅವಳಿಗೆ ಉಬ್ಬಸ, ಭಾವನಿಗೆ ಮಳವಳ್ಳಿಯಲ್ಲಿ ಕೆಲಸ, ಬರುವುದು ವಾರಕ್ಕೊಮ್ಮೆ. ಉಸಿರು ಕಟ್ಟಿದಾಗ ಕಿಂಡಿಯ ಹತ್ತಿರ ತಟ್ಟೆ ಬಡಿದರೆ ನನಗೆ ಕೇಳಬೇಕು, ಅಷ್ಟೆ.

ಪ್ಲಾನು ಬರೆದವರು ರೂಢಿಯಂತೆ ಎರಡು ಮನೆಗಳ ನಡುವೆ ಸಂದಿ ಬಿಟ್ಟು ಬರೆದರು. ನಾವು ಸರಿಯಾಗಿ ನೋಡದೆ ಪುರಸಭೆಗೆ ಕೊಟ್ಟೆವು. ಊರಿನಿಂದ ಕರೆಸಿದ ಗಾರೆಯವನು ಪ್ಲಾನು ಬಿಚ್ಚಿಯೂ ನೋಡಲಿಲ್ಲ. ಮನೆ ಕಟ್ಟುವ ಲೈಸೆನ್ಸಿಗೂ ಕಾಯದೆ ನಡುಗೋಡೆಯನ್ನೇ ಮೊದಲು ಎಬ್ಬಿಸಿಬಿಟ್ಟ, ಮಣ್ಣುಗಾರೆಯಲ್ಲಿ, ಕಿಂಡಿ ಸಮೇತ.

"ತಡಿ ಅಂದಿರ್ನಿಲ್ವಾ?" ಎಂದು ಅಕ್ಕ ರೇಗಿದಳು.

"ಒಳ್ಳೇ ದಿನ ಕಳ್ದೋಯ್ತಿತ್ತು ಕಣವ್ವ. ಸಂದಿ ಬುಡಾಕೆ ನೀವೇನು ದಾಯಾದಿಗಳಾ?"

ಆಗ ಸಿಮೆಂಟು ಕೊಳ್ಳಲು ಸರ್ಕಾರದ ಪರ್ಮಿಟ್ಟು ಬೇಕಿತ್ತು; ಲೈಸೆನ್ಸು ತೋರಿಸದೆ ಅದು ಸಿಗುತ್ತಿರಲಿಲ್ಲ. ಸೂರಿಲ್ಲದ ಮಣ್ಣುಗಾರೆ ಮಳೆಗೆ ನಿಲ್ಲುವಂಥದಲ್ಲ. ಇಬ್ಬರೂ ಪುರಸಭೆಗೆ ಹೋಗಿ ಗೋಡೆ, ಕಿಂಡಿ ಎರಡರ ವಿಷಯವನ್ನೂ ಹೇಳಿದೆವು.

"ಒಟ್ಟುಗೋಡೆ ಬೇಕಾದ್ರೆ ಪ್ಲಾನು ತಿದ್ದಿಸಿ, ಇಬ್ರೂ ಒಪ್ಪಿ ಸಹಿ ಹಾಕಿ" ಎಂದರು ಓವರ್‌ಸಿಯರ್. "ಕಿಂಡಿ ಮಾತ್ರ ಆಗಲ್ಲ. ನಾಳೆ ನೀವಿಬ್ರೂ ಜಗಳ ಆಡಿದ್ರೆ ಯಾರಮ್ಮ ಪಂಚಾಯ್ತಿ ಮಾಡೋರು?"

"ಜಗಳ ದಿನಾ ಆಡ್ತೀವಿ ಸಾರ್. ಅದಕ್ಕೂ ಕಿಂಡಿ ಬೇಕಲ್ಲ" ಎಂದಳು ಅಕ್ಕ.

ಗುಮಾಸ್ತರು ನಕ್ಕರು. ಓವರ್‌ಸಿಯರ್ ನಗಲಿಲ್ಲ. "ಬಂದು ನೋಡ್ತೀನಿ. ಕಿಂಡಿ ಇದ್ರೆ ಲೈಸೆನ್ಸಿಲ್ಲ."

ದಾರಿಯಲ್ಲಿ ನಾನೇ ಅಂದೆ: "ಈಗ ಮುಚ್ಚಿಸ್ಬುಡಾನ. ಆಮೇಲೆ ಒಡಿಸ್ಕೊಂಡ್ರಾಯ್ತು."

"ಮುಚ್ಚಿದ್ ಕಿಂಡೀನ ಯಾರ್ ಒಡ್ಸವ್ರೆ ಹೇಳು? ದೊಡ್ಡಪ್ಪ ಒಡ್ಸಿದ್ನಾ?"

ಊರಿನ ಕಿಂಡಿಯನ್ನು ಜಮೀನು ಪಾಲಾದ ವರ್ಷ ಮುಚ್ಚಿದ್ದರು. ನಾಲ್ಕೇ ದಿನದ ಮುನಿಸು ಎಂದುಕೊಂಡಿದ್ದೆವು.

ಪ್ಲಾನು ತಿದ್ದಿಸಿದೆವು, ಸಹಿ ಹಾಕಿದೆವು, ಕಿಂಡಿಯನ್ನು ಇದ್ದ ಹಾಗೇ ಬಿಟ್ಟೆವು. ಓವರ್‌ಸಿಯರ್ ಟೇಪು ಹಿಡಿದು ಸೈಕಲ್ಲಿನಲ್ಲಿ ಬಂದರು. ಮೊದಲು ಅಕ್ಕನ ಕಡೆ ಅಳೆದು, ಆಮೇಲೆ ನನ್ನ ಕಡೆ ಬಂದರು. ನಾನು ಕಿಂಡಿಗೆ ಬೆನ್ನು ಕೊಟ್ಟು ನಿಂತಿದ್ದೆ. ಇದು ಖಂಡಿತ; ಇಟ್ಟಿಗೆಯ ಮೂಲೆ ಬೆನ್ನಿಗೆ ಒತ್ತುತ್ತಿತ್ತು.

"ಬಿಸಿಲಲ್ಲಿ ಯಾಕಮ್ಮ? ಆ ಕಡೆ ನೆರಳಿದೆಯಲ್ಲ."

"ಇಲ್ಲೇ ಚೆನ್ನಾಗಿದೆ ಸಾರ್."

ಅವರು ನೋಡುತ್ತಾ ನಿಂತರು. ಅಷ್ಟು ಹೊತ್ತಿಗೆ ಕಿಂಡಿಯ ಆಚೆಯಿಂದ ಅಕ್ಕನ ಉಬ್ಬಸದ ಗೊರಗೊರ ನನ್ನ ಬೆನ್ನಿಗೇ ತಾಗುವಂತೆ ಕೇಳುತ್ತಿತ್ತು. ಕಟ್ಟಡದ ಧೂಳು ಅವಳಿಗೆ ಆಗುತ್ತಿರಲಿಲ್ಲ. ಓವರ್‌ಸಿಯರ್ ಟೇಪು ಸುತ್ತಿಕೊಂಡರು, ಸೈಕಲ್ಲು ಹತ್ತಿದರು. ಲೈಸೆನ್ಸು ಬಂತು.

ಅಕ್ಕ ನಿಂತ ಭಂಗಿ ಅವಳೇ ಹೇಳಿ ಹೇಳಿ ನನಗೆ ಅಂಟಿದ್ದಿರಬೇಕು. ಅವಳೂ ನನ್ನ ಹಾಗೆಯೇ ನಿಂತಿದ್ದಳೋ, ಸುಮ್ಮನೆ ಹೇಳಿದಳೋ. ಓವರ್‌ಸಿಯರ್ ಆಚೆ ಕಡೆಯೇ ಕಿಂಡಿ ನೋಡಿಕೊಂಡು ಬಂದಿದ್ದರೋ, ಈಚೆ ಆ ಉಸಿರು ಕೇಳಿ ಹೊರಟರೋ, ಅಥವಾ ಅವರ ಕಣ್ಣಿಗೆ ಬೀಳಲೇ ಇಲ್ಲವೋ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಗೊತ್ತಿಲ್ಲ.